ಪಾಸ್‌ಪೋರ್ಟ್ ಯಾರ ಪೆಟ್ಟಿಗೆಯಲ್ಲಿದೆ?

(ವ್ಯಾಪಾರಿಗಳು ಹಾಗೂ ಗಲ್ಫ್ ಉದ್ಯೋಗಿಗಳ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂದು ನಮಗೆ ವಹಿಸಿಕೊಡಲಾಗಿರುವ ವಿಷಯದ ಹೆಸರು ತುಸು ಭಾರವಾಗಿದೆ: 'ವಿವಿಧ ದೇಶಗಳ ಸಂಸ್ಕೃತಿಗಳು ಮತ್ತು ಮಾನವ ಸಂಪನ್ಮೂಲ ನಿರ್ವಹಣೆ'. ಆಮಂತ್ರಣ ಪತ್ರದಲ್ಲಿ ಇದನ್ನು ಓದಿದವರಿಗೆ, ಇದು ಎಂ.ಬಿ.ಎ. ಕಾಲೇಜಿನಲ್ಲಿ ನಡೆಯಬೇಕಾದ ಉಪನ್ಯಾಸ, ಅಂಗಡಿ ನಡೆಸುವ ನಮಗೂ ಮನೆ ನಡೆಸುವ ನಮ್ಮ ಸಹೋದರಿಯರಿಗೂ ಇದರಿಂದ ಆಗಬೇಕಾದುದೇನು ಎಂದು ಅನಿಸಿರಬಹುದು. ಆದರೆ ಈ ಸಭಾಂಗಣವನ್ನೊಮ್ಮೆ ನೋಡಿದರೆ, ದಮ್ಮಾಮ್, ದುಬೈ, ದೋಹಾ, ಮಸ್ಕತ್‌ಗಳಲ್ಲಿ ದುಡಿದವರು ಅಥವಾ ಅಲ್ಲಿ ದುಡಿಯುತ್ತಿರುವವರ ತಂದೆ, ತಾಯಿ, ಪತ್ನಿ, ಮಕ್ಕಳೇ ಇಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಮ್ಯಾನೇಜ್‌ಮೆಂಟ್ ಪುಸ್ತಕಗಳು ಯಾವ ವಿಷಯದ ಬಗ್ಗೆ ಅಧ್ಯಾಯಗಳನ್ನು ಬರೆಯುತ್ತವೆಯೋ, ಆ ವಿಷಯವನ್ನು ನಮ್ಮವರು ಬೆವರು ಸುರಿಸಿ ಕಲಿತಿದ್ದಾರೆ. ಆದುದರಿಂದ ಇದು ನಮ್ಮದೇ ವಿಷಯ.

ಮೊದಲು 'ಮಾನವ ಸಂಪನ್ಮೂಲ' ಎಂಬ ಪದವನ್ನೇ ಗಮನಿಸೋಣ. ನೆಲದಡಿಯ ತೈಲವೂ ಸಂಪನ್ಮೂಲ, ಗಣಿಯ ಅದಿರೂ ಸಂಪನ್ಮೂಲ. ತೈಲಕ್ಕೆ ತಾಯಿಯಿಲ್ಲ, ಅದಿರಿಗೆ ಹಬ್ಬವಿಲ್ಲ. ಎಲ್ಲರೆದುರು ಬೈದರೆ ಅವುಗಳಿಗೆ ಅವಮಾನವಾಗುವುದಿಲ್ಲ. ಮನುಷ್ಯನಿಗೆ ಇವೆಲ್ಲವೂ ಇವೆ. ಅವನ್ನು ಗಮನದಲ್ಲಿಟ್ಟುಕೊಂಡು ಅವನಿಂದ ಕೆಲಸ ಪಡೆಯುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಗಲ್ಫ್‌ನ ಸಾಮಾನ್ಯ ನಿರ್ಮಾಣ ಕಂಪೆನಿಯೊಂದನ್ನು ಕಲ್ಪಿಸಿಕೊಳ್ಳಿರಿ. ಮಾಲಕ ಆ ದೇಶದ ಅರಬ. ಯೋಜನೆಯ ಮುಖ್ಯಸ್ಥ ಬ್ರಿಟನ್ನಿನವನು. ಇಂಜಿನಿಯರ್ ಈಜಿಪ್ಟಿನವನು. ಲೆಕ್ಕ ಬರೆಯುವವನು ಕೇರಳದವನು. ಫೋರ್‌ಮನ್ ಪಾಕಿಸ್ತಾನದವನು. ಗಾರೆ ಕೆಲಸದವನು ಬಾಂಗ್ಲಾದೇಶದವನು. ಸಿಮೆಂಟ್ ಹೊರುವವನು ನೇಪಾಳದವನು. ಕಚೇರಿಯಲ್ಲಿ ಫೋನ್ ಎತ್ತುವಾಕೆ ಫಿಲಿಪೈನ್ಸ್‌ನವಳು. ಸಾಮಾನು ದಾಸ್ತಾನು ನೋಡಿಕೊಳ್ಳುವವನು ನಮ್ಮ ಕರಾವಳಿಯ ಹುಡುಗ. ಇವರೆಲ್ಲರೂ ಒಂದಿಷ್ಟು ಅರಬಿ, ಒಂದಿಷ್ಟು ಉರ್ದು, ಒಂದಿಷ್ಟು ಇಂಗ್ಲಿಷ್ ಬೆರೆಸಿದ ಭಾಷೆಯಲ್ಲಿ ವ್ಯವಹರಿಸುತ್ತಾರೆ. ಯುಎಇ ಮತ್ತು ಕತರ್‌ಗಳಲ್ಲಿ ಜನಸಂಖ್ಯೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೊರದೇಶದವರೇ ಇದ್ದಾರೆ. ಯುಎಇಯಲ್ಲಿ ಭಾರತೀಯರ ಸಂಖ್ಯೆಯೇ 35 ಲಕ್ಷವನ್ನು ಮೀರುತ್ತದೆ. ಜಗತ್ತಿನ ಬೇರೆಲ್ಲೂ ಇಷ್ಟು ದೇಶಗಳ ಜನರು ಇಷ್ಟು ಹತ್ತಿರದಲ್ಲಿ ನಿಂತು ಕೆಲಸ ಮಾಡುವ ದೃಶ್ಯ ಸುಲಭವಾಗಿ ಸಿಗದು.

ಇಲ್ಲಿ ಅಪಾರ್ಥಗಳು ಹುಟ್ಟುವುದು ಸಹಜ. ಮುಖ್ಯಸ್ಥನು, "ಗುರುವಾರದೊಳಗೆ ಮುಗಿಯುತ್ತದೆಯೇ?" ಎಂದು ಕೇಳುತ್ತಾನೆ. ನಮ್ಮವನು, "ಆಯ್ತು ಸರ್" ಎನ್ನುತ್ತಾನೆ. ಅವನ ಅರ್ಥದಲ್ಲಿ ಅದು, 'ತಮ್ಮ ಮಾತು ಕೇಳಿಸಿಕೊಂಡೆ' ಎಂಬಷ್ಟೇ. ಮುಖ್ಯಸ್ಥನು ಅದನ್ನು ವಾಗ್ದಾನವೆಂದು ಬರೆದಿಟ್ಟುಕೊಳ್ಳುತ್ತಾನೆ. ಗುರುವಾರ ಕೆಲಸ ಮುಗಿಯದಿದ್ದಾಗ ಒಬ್ಬನು, 'ಇವರು ಸುಳ್ಳುಗಾರರು' ಎನ್ನುತ್ತಾನೆ, ಇನ್ನೊಬ್ಬನು, 'ಇವನು ನಿರ್ದಯಿ' ಎನ್ನುತ್ತಾನೆ. ಫಿಲಿಪೈನ್ಸ್‌ನ ಉದ್ಯೋಗಿಯನ್ನು ಹತ್ತು ಮಂದಿಯೆದುರು ಗದರಿಸಿದರೆ, ಆಕೆ ಎದುರುತ್ತರ ಕೊಡುವುದಿಲ್ಲ, ಆದರೆ ಆ ಅವಮಾನವನ್ನು ಮರೆಯುವುದೂ ಇಲ್ಲ. ಅರಬನು ಮನೆಮಂದಿಯ ಕ್ಷೇಮ ವಿಚಾರಿಸಿ, ಕಾಫಿ ಕುಡಿಸಿ, ಆಮೇಲೆ ವ್ಯಾಪಾರದ ಮಾತೆತ್ತುತ್ತಾನೆ. ಯುರೋಪಿನವನಿಗೆ ಅದು ಕಾಲಹರಣ. 'ಇನ್ ಶಾ ಅಲ್ಲಾಹ್' ಎಂಬುದನ್ನಂತೂ ಅವರು ನುಣುಚಿಕೊಳ್ಳುವ ಮಾತೆಂದೇ ಭಾವಿಸಿದ್ದಾರೆ. ಇದರಲ್ಲಿ ಅವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚಿದೆ. ತನ್ನ ಪ್ರಯತ್ನವನ್ನೆಲ್ಲ ಮಾಡಿ ಫಲವನ್ನು ಅಲ್ಲಾಹನಿಗೆ ಒಪ್ಪಿಸುವ ಆ ಪವಿತ್ರ ವಚನವನ್ನು, ಪ್ರಯತ್ನವನ್ನೇ ಮಾಡದಿರುವುದಕ್ಕೆ ನೆಪವನ್ನಾಗಿ ಬಳಸಿದವರು ನಾವೇ ಅಲ್ಲವೇ?

ಇಂತಹ ವ್ಯತ್ಯಾಸಗಳನ್ನು ಅಳೆಯಲು ಪ್ರಯತ್ನಿಸಿದವರಲ್ಲಿ ನೆದರ್‌ಲ್ಯಾಂಡ್ಸ್‌ನ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಪ್ರಸಿದ್ಧರು. 2020ರಲ್ಲಿ ನಿಧನರಾದ ಅವರು, ಐಬಿಎಂ ಕಂಪೆನಿಯ ವಿವಿಧ ದೇಶಗಳ ಉದ್ಯೋಗಿಗಳಿಂದ 1967 ಮತ್ತು 1973ರ ನಡುವೆ ಸಂಗ್ರಹಿಸಲಾದ ಒಂದು ಲಕ್ಷಕ್ಕೂ ಅಧಿಕ ಪ್ರಶ್ನಾವಳಿಗಳನ್ನು ಆಧರಿಸಿ 1980ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೇಲಿನವನು ಮತ್ತು ಕೆಳಗಿನವನ ನಡುವಿನ ಅಂತರವನ್ನು ಒಂದು ಸಮಾಜವು ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದೆ ಎಂಬುದು ಅವರ ಅಳತೆಗೋಲುಗಳಲ್ಲಿ ಮುಖ್ಯವಾದುದು. ಆ ಪಟ್ಟಿಯಲ್ಲಿ ಭಾರತಕ್ಕೂ ಅರಬ್ ದೇಶಗಳಿಗೂ ಹೆಚ್ಚಿನ ಅಂಕಗಳಿವೆ. ಅಂದರೆ, ನಮ್ಮ ಜನರು ಯಜಮಾನನ ಎದುರು ಮಾತನಾಡುವುದಿಲ್ಲ, ಮಾತನಾಡಬೇಕೆಂದು ಬಯಸುವುದೂ ಇಲ್ಲ ಎಂದು ಅದನ್ನು ಓದಿದ ಮ್ಯಾನೇಜರರು ತಿಳಿದುಕೊಳ್ಳುತ್ತಾರೆ.

ಈ ಅಧ್ಯಯನದಿಂದ ಪ್ರಯೋಜನವಾಗಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎರಡು ವಿಷಯಗಳನ್ನು ಹೇಳಲೇಬೇಕು. ಈಜಿಪ್ಟ್, ಇರಾಕ್, ಕುವೈತ್, ಲೆಬನಾನ್, ಲಿಬಿಯಾ, ಸೌದಿ ಅರೇಬಿಯಾ ಮತ್ತು ಯುಎಇಗಳನ್ನೆಲ್ಲ ಅದರಲ್ಲಿ ಒಂದೇ ಗುಂಪಾಗಿಸಿ ಒಂದೇ ಅಂಕ ಕೊಡಲಾಗಿದೆ. ಬೈರೂತ್‌ನ ವರ್ತಕನೂ ನಜ್ದ್‌ನ ಬುಡಕಟ್ಟಿನವನೂ ಒಂದೇ ತಕ್ಕಡಿಯಲ್ಲಿ! ಎರಡನೆಯದಾಗಿ, ಪ್ರಶ್ನಾವಳಿಗೆ ಉತ್ತರ ಬರೆದವರು ದೊಡ್ಡ ಕಂಪೆನಿಯೊಂದರ ಉದ್ಯೋಗಿಗಳು. ಗಲ್ಫ್‌ನ ಲೇಬರ್ ಕ್ಯಾಂಪಿನಲ್ಲಿ ಒಂದರ ಮೇಲೊಂದು ಮಂಚ ಹಾಕಿಕೊಂಡು ಮಲಗುವವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೀಗಿರುವಾಗ, ಅವನ ಮೌನವು ಅವನ ಸಂಸ್ಕೃತಿಯಿಂದ ಬಂದುದೆಂದು ನಿರ್ಧರಿಸಿದವರು ಯಾರು?

ಸಹೋದರರೇ, ಆ ಮೌನಕ್ಕೆ ಇನ್ನೊಂದು ಕಾರಣವಿದೆ. ನಿಮ್ಮಲ್ಲಿ ಅನೇಕರಿಗೆ ಅದು ಅನುಭವದಿಂದಲೇ ತಿಳಿದಿದೆ. ವಿಮಾನ ನಿಲ್ದಾಣದಿಂದ ಕ್ಯಾಂಪಿಗೆ ಕರೆದೊಯ್ದ ದಿನವೇ ಕಂಪೆನಿಯ ಗುಮಾಸ್ತನು ಪಾಸ್‌ಪೋರ್ಟನ್ನು ಪಡೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದನು. ಹಲವು ಗಲ್ಫ್ ದೇಶಗಳ ಕಾನೂನು ಇದನ್ನು ನಿಷೇಧಿಸಿದ್ದರೂ ರೂಢಿ ನಿಂತಿಲ್ಲ. ಕಫೀಲನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. ಸೌದಿ ಮತ್ತು ಕತರ್‌ಗಳಲ್ಲಿ ಅವನ ಅನುಮತಿಯಿಲ್ಲದೆ ದೇಶ ಬಿಟ್ಟು ಊರಿಗೆ ಹೋಗುವಂತೆಯೂ ಇರಲಿಲ್ಲ. ತಾಯಿ ಮರಣಶಯ್ಯೆಯಲ್ಲಿದ್ದಾರೆಂಬ ಸುದ್ದಿ ಬಂದಾಗ, ಎಕ್ಸಿಟ್ ಕಾಗದಕ್ಕಾಗಿ ಕಫೀಲನ ಬಾಗಿಲಲ್ಲಿ ಕಾದು, ಕೊನೆಗೆ ದಫನ ಮುಗಿದ ಮೇಲೆ ಊರು ತಲುಪಿದವರ ಕಥೆಗಳನ್ನು ನಾವು ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಇಂತಹ ಸ್ಥಿತಿಯಲ್ಲಿರುವವನು ಯಜಮಾನನ ಎದುರು ಮಾತನಾಡದಿದ್ದರೆ ಅದನ್ನು 'ಏಷ್ಯಾದ ವಿನಯ' ಎಂದು ಕರೆಯುವುದು ವಿದ್ವತ್ತಲ್ಲ, ವಂಚನೆ.

'ಕಫೀಲ್' ಎಂಬ ಪದದ ಬಗ್ಗೆ ಒಂದು ಮಾತು. ನಾವು ಮದ್ರಸದಲ್ಲಿ ಫಿಕ್ಹ್ ಕಲಿತಾಗ ಕಫಾಲತ್ ಎಂದರೆ ಇನ್ನೊಬ್ಬನ ಹೊಣೆಯನ್ನು ತಾನು ಹೊರುವುದು ಎಂದು ಓದಿದ್ದೆವು. ಅನಾಥನ ಕಫೀಲನು ಸ್ವರ್ಗದಲ್ಲಿ ತನ್ನ ಬಳಿ ಎರಡು ಬೆರಳುಗಳಷ್ಟು ಸಮೀಪದಲ್ಲಿರುವನೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದ್ದಾರೆ. ಹೊಣೆ ಹೊರುವವನಿಗಿದ್ದ ಆ ಹೆಸರು, ಹಿಡಿದಿಟ್ಟುಕೊಳ್ಳುವವನ ಹೆಸರಾಯಿತು. ಇದು ಇಸ್ಲಾಮಿನ ವ್ಯವಸ್ಥೆಯಲ್ಲ, ಇಸ್ಲಾಮಿನ ಪದವನ್ನು ತೊಟ್ಟುಕೊಂಡ ವ್ಯವಸ್ಥೆ. ಇದನ್ನು ಸ್ಪಷ್ಟವಾಗಿ ಹೇಳಲು ನಾವು ಹಿಂಜರಿಯಬಾರದು.

ಈ ವ್ಯವಸ್ಥೆಯಲ್ಲಿ ಬದಲಾವಣೆ ಬರುತ್ತಿದೆ ಎಂಬುದು ಸಮಾಧಾನದ ಸಂಗತಿ. ಬಹ್ರೈನ್ 2009ರಲ್ಲಿ ಕಫಾಲತ್‌ನ ಹಿಡಿತವನ್ನು ಸಡಿಲಿಸಲು ಮೊದಲಿಟ್ಟಿತು. ಅದೇ ವರ್ಷ ಯುಎಇಯು ವೇತನವನ್ನು ಬ್ಯಾಂಕ್ ಮೂಲಕವೇ ಪಾವತಿಸಿ ಸರಕಾರಕ್ಕೆ ಕಾಣುವಂತೆ ಮಾಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಕತರ್ 2018ರಲ್ಲಿ ಬಹುತೇಕ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ರದ್ದುಗೊಳಿಸಿತು, 2020ರಲ್ಲಿ ಕೆಲಸ ಬದಲಿಸಲು ಮಾಲಕನ ಒಪ್ಪಿಗೆ ಬೇಕೆಂಬ ನಿಯಮವನ್ನು ತೆಗೆಯಿತು. ಸೌದಿ ಅರೇಬಿಯಾವು 2021ರ ಮಾರ್ಚ್‌ನಲ್ಲಿ ಖಾಸಗಿ ವಲಯದ ಕಾರ್ಮಿಕರಿಗೆ ಇಂತಹದೇ ಸೌಲಭ್ಯ ನೀಡಿತು, ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟ ಮತ್ತು ಕುರಿ ಕಾಯುವವರನ್ನು ಅದರ ಹೊರಗಿಟ್ಟಿತು. ಕಾಗದದ ಮೇಲಿನ ಸುಧಾರಣೆಗೂ ಬಿಸಿಲಲ್ಲಿ ನಿಂತವನ ಅನುಭವಕ್ಕೂ ಅಂತರ ಇದ್ದೇ ಇದೆ. ಆದರೆ ಕಾನೂನು ಒಂದಿಷ್ಟು ಸಡಿಲವಾದೊಡನೆ ಕಾರ್ಮಿಕರು ಕೆಲಸ ಬದಲಿಸಿದರು, ದೂರು ಕೊಟ್ಟರು, ಕೂಲಿ ಕೇಳಿದರು. ಅವರ 'ಸಂಸ್ಕೃತಿ' ಒಂದು ರಾತ್ರಿಯಲ್ಲಿ ಬದಲಾಯಿತೇ? ಇಲ್ಲ. ಪೆಟ್ಟಿಗೆಯ ಬೀಗ ತೆರೆಯಿತು, ಅಷ್ಟೇ.

ವೇತನದ ವಿಷಯವೂ ಹೀಗೆಯೇ. ಒಂದೇ ಕೆಲಸಕ್ಕೆ ಬ್ರಿಟನ್ನಿನವನಿಗೊಂದು ಸಂಬಳ, ಭಾರತೀಯನಿಗೊಂದು, ನೇಪಾಳಿಗೆ ಇನ್ನೊಂದು. ಇದನ್ನು ನಮ್ಮವರು ಎಷ್ಟು ಸಹಜವೆಂದು ಒಪ್ಪಿಕೊಂಡಿದ್ದಾರೆಂದರೆ, 'ಪಾಸ್‌ಪೋರ್ಟ್ ನೋಡಿ ಸಂಬಳ' ಎಂಬುದು ನಗೆಮಾತಾಗಿದೆ. ಹಿಂದಿರುವ ಸರಕಾರದ ಬಲವೇ ಇಲ್ಲಿ ಕಾರ್ಮಿಕನ ಬೆಲೆಯನ್ನು ನಿರ್ಧರಿಸುತ್ತದೆ. ಫಿಲಿಪೈನ್ಸ್ ಸರಕಾರವು 2006ರ ಕೊನೆಯಲ್ಲಿ, ಹೊರದೇಶಕ್ಕೆ ಹೋಗುವ ತನ್ನ ಮನೆಗೆಲಸದ ಮಹಿಳೆಯರಿಗೆ ತಿಂಗಳಿಗೆ 400 ಡಾಲರ್‌ಗಿಂತ ಕಡಿಮೆ ಕೊಡಬಾರದೆಂದು ನಿಯಮ ಮಾಡಿತು. ನಮ್ಮ ಕೇಂದ್ರ ಸರಕಾರವಾದರೋ 2020ರ ಸೆಪ್ಟೆಂಬರ್‌ನಲ್ಲಿ, ಕೊರೋನಾ ಸಂಕಷ್ಟದ ನಡುವೆಯೇ, ಗಲ್ಫ್‌ಗೆ ತೆರಳುವ ಕಾರ್ಮಿಕರ ಕನಿಷ್ಠ ಶಿಫಾರಸು ವೇತನವನ್ನು ಶೇ. 30ರಿಂದ 50ರಷ್ಟು ಇಳಿಸಿತು! ವಿರೋಧ ಎದ್ದು, ವಿಷಯವು ತೆಲಂಗಾಣ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕ 2021ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಅನಿವಾಸಿಗಳು ಕಳುಹಿಸುವ ಹಣದ ಬಗ್ಗೆ ಹೆಮ್ಮೆ ಪಡುವ ಸರಕಾರಕ್ಕೆ ಆ ಹಣ ಸಂಪಾದಿಸುವವನ ಕೂಲಿಯ ಬಗ್ಗೆ ಈ ತಾತ್ಸಾರವೇಕೆ? ಇದಕ್ಕೆ ಪ್ರತಿಯಾಗಿ, 2021ರ ಮಾರ್ಚ್‌ನಿಂದ ಕತರ್‌ನಲ್ಲಿ ಎಲ್ಲ ದೇಶದವರಿಗೂ ಮನೆಗೆಲಸದವರಿಗೂ ಅನ್ವಯಿಸುವಂತೆ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ಬಂತು. ಮಾಲಕನೇ ಊಟ ಮತ್ತು ವಸತಿ ಒದಗಿಸದಿದ್ದರೆ ಅವುಗಳಿಗೆ ಪ್ರತ್ಯೇಕವಾಗಿ 300 ಮತ್ತು 500 ರಿಯಾಲ್ ಕೊಡಬೇಕು. ಮೊತ್ತ ದೊಡ್ಡದಲ್ಲ. ಆದರೆ ಕನಿಷ್ಠ ಕೂಲಿಯನ್ನು ಪಾಸ್‌ಪೋರ್ಟಿನ ಬಣ್ಣದಿಂದ ಬೇರ್ಪಡಿಸಿದ ತತ್ವ ದೊಡ್ಡದು.

ಈ ತತ್ವವು ನಮಗೆ ಹೊಸದಾಗಬೇಕಿರಲಿಲ್ಲ. ಮದೀನಾದ ಆ ಪುಟ್ಟ ಸಮಾಜದಲ್ಲಿ ಅಬಿಸೀನಿಯಾ ಮೂಲದ ಬಿಲಾಲ್(ರ) ಇದ್ದರು, ಪರ್ಶಿಯಾದ ಸಲ್ಮಾನ್(ರ) ಇದ್ದರು, ರೋಮನರ ನಾಡಿನಲ್ಲಿ ಬೆಳೆದ ಸುಹೈಬ್(ರ) ಇದ್ದರು. ಹಿಜರಿ 5ರಲ್ಲಿ ಶತ್ರುಸೇನೆ ಮದೀನಾವನ್ನು ಮುತ್ತಲು ಬಂದಾಗ, ಕಂದಕ ತೋಡುವ ಪರ್ಶಿಯನ್ನರ ಕ್ರಮವನ್ನು ಸೂಚಿಸಿದವರು ಸಲ್ಮಾನ್(ರ). ಅರಬರಿಗೆ ಅದು ಪರಿಚಯವಿಲ್ಲದ ತಂತ್ರ. ಪರದೇಶಿಯ ಮಾತೆಂದು ಪ್ರವಾದಿವರ್ಯರು(ಸ) ಅದನ್ನು ತಳ್ಳಿಹಾಕಲಿಲ್ಲ, ಸ್ವತಃ ಮಣ್ಣು ಹೊತ್ತರು. ಬೇರೆ ಜನಾಂಗದೊಂದಿಗೆ ಪತ್ರ ವ್ಯವಹಾರದ ಅಗತ್ಯ ಬಿದ್ದಾಗ, ಅವರ ಬರಹವನ್ನು ಕಲಿಯುವಂತೆ ಯುವಕ ಝೈದ್ ಬಿನ್ ಸಾಬಿತ್‌ರಿಗೆ(ರ) ಆದೇಶಿಸಿದರು. ಅವರು ಅಲ್ಪ ದಿನಗಳಲ್ಲೇ ಕಲಿತರು. ಬೇರೆ ದೇಶದವನ ಅರಿವಿಗೆ ಕಿವಿಗೊಡುವುದು, ಬೇರೆ ಜನರ ಭಾಷೆಯನ್ನು ಕಲಿಯುವುದು. ಇಂದು ಸಾವಿರಾರು ರೂಪಾಯಿ ಶುಲ್ಕ ಪಡೆದು ಕಲಿಸುವ ಪಾಠದ ಸಾರವೂ ಇದೇ ಅಲ್ಲವೇ?

ಅಬೂದರ್ರ್(ರ) ಅವರ ಘಟನೆಯನ್ನು ನೆನಪಿಸಿಕೊಳ್ಳಿರಿ. ಅವರೂ ಅವರ ಸೇವಕನೂ ಒಂದೇ ತೆರನಾದ ಉಡುಪು ಧರಿಸಿದ್ದನ್ನು ಕಂಡವರೊಬ್ಬರು ಕಾರಣ ಕೇಳಿದಾಗ ಅವರು ತಮ್ಮದೇ ತಪ್ಪನ್ನು ವಿವರಿಸಿದರು. ಒಮ್ಮೆ ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹಂಗಿಸಿದ್ದಕ್ಕೆ, ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಉಣಿಸಿರಿ, ಉಡುವುದನ್ನೇ ಉಡಿಸಿರಿ, ಶಕ್ತಿಗೆ ಮೀರಿದ ಕೆಲಸ ಹೊರಿಸಿದರೆ ಜೊತೆಗೂಡಿ ನೆರವಾಗಿರಿ ಎಂಬುದು ಅಂದಿನ ಉಪದೇಶದ ಸಾರ. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ವಾದಿಯಾಗಿ ನಿಲ್ಲುವವನು ಅಲ್ಲಾಹನೇ ಎಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಆ ನ್ಯಾಯಾಲಯದಲ್ಲಿ ಕಫೀಲನ ವಕೀಲರು ಯಾರು?

ಇಲ್ಲಿಯವರೆಗೆ ನೀವೆಲ್ಲರೂ ತಲೆದೂಗಿದಿರಿ. ಅರಬರನ್ನೂ ಕಂಪೆನಿಗಳನ್ನೂ ಟೀಕಿಸಿದಾಗ ತಲೆದೂಗುವುದು ಸುಲಭ. ಆದರೆ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ನಾವು ನಮಗೂ ನಿಮಗೂ ದ್ರೋಹ ಮಾಡಿದಂತಾಗುತ್ತದೆ. ಈಗ ನಮ್ಮ ಪಟ್ಟಣಕ್ಕೆ ಹಿಂದಿರುಗೋಣ.

ಇಂದು ನಮ್ಮ ಪೇಟೆಯಲ್ಲಿ ಟೈಲ್ಸ್ ಹಾಕುವವರು ಯಾರು? ಫರ್ನಿಚರ್ ಪಾಲಿಶ್ ಮಾಡುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಕೋಳಿ ಅಂಗಡಿಯಲ್ಲಿ ನಿಲ್ಲುವವರು ಯಾರು? ಉತ್ತರ ಪ್ರದೇಶ, ಬಿಹಾರ, ಅಸ್ಸಾಮ್, ಒಡಿಶಾ, ಪಶ್ಚಿಮ ಬಂಗಾಳದವರು. ಅವರ ಪಾಲಿಗೆ ನಮ್ಮ ಊರೇ ಗಲ್ಫ್. ಅವರ ಪಾಲಿಗೆ ನಾವೇ ಕಫೀಲರು.

ನಮ್ಮ ಪರಿಚಯದ ಸಹೋದರರೊಬ್ಬರು ಹನ್ನೊಂದು ವರ್ಷ ಗಲ್ಫ್‌ನಲ್ಲಿ ಗೋದಾಮು ಕೆಲಸ ಮಾಡಿ, ಊರಿಗೆ ಬಂದು ಫರ್ನಿಚರ್ ಅಂಗಡಿ ತೆರೆದಿದ್ದಾರೆ. ನಮಾಝಿಗಳು, ದಾನಿಗಳು. ಒಮ್ಮೆ ಅವರ ಅಂಗಡಿಯಲ್ಲಿ ಕುಳಿತಿದ್ದಾಗ, ಚಿಲ್ಲರೆಗಾಗಿ ಗಲ್ಲಾಪೆಟ್ಟಿಗೆ ತೆರೆದರು. ಅದರಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಮೂರು ಆಧಾರ್ ಕಾರ್ಡುಗಳಿದ್ದವು. ಸಹರಾನ್‌ಪುರ ಕಡೆಯಿಂದ ಬಂದ ಮೂವರು ಬಡಗಿಗಳದ್ದು. "ಇದೇಕೆ ನಿಮ್ಮಲ್ಲಿ?" ಎಂದು ಕೇಳಿದೆವು. "ಮೌಲಾನಾ, ಇಲ್ಲದಿದ್ದರೆ ಮುಂಗಡ ತೆಗೆದುಕೊಂಡು ಹೇಳದೆ ಕೇಳದೆ ಓಡಿಹೋಗುತ್ತಾರೆ" ಎಂದರು. "ಅಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾರ ಬಳಿ ಇತ್ತು?" ಎಂದು ಕೇಳಿದೆವು. ಅವರು ಉತ್ತರಿಸಲಿಲ್ಲ. ಚಹಾ ಬಂತು, ಕುಡಿದು ಎದ್ದೆವು.

ಕೆಲವು ತಿಂಗಳ ಬಳಿಕ ಮತ್ತೆ ಸಿಕ್ಕಿದಾಗ ಅವರೇ ಹೇಳಿದರು. ಕಾರ್ಡುಗಳನ್ನು ಅಂದು ರಾತ್ರಿಯೇ ಹಿಂದಿರುಗಿಸಿದ್ದರಂತೆ. ಮೂವರಲ್ಲಿ ಒಬ್ಬನು ಹೆಚ್ಚಿನ ಕೂಲಿಗೆ ಬೇರೆ ಅಂಗಡಿ ಸೇರಿದನಂತೆ. "ನಷ್ಟವಾಯಿತೇ?" ಎಂದೆವು. "ಆಯಿತು. ಆದರೆ ಹಿಂದಿನವರೆಲ್ಲ ರಾತ್ರೋರಾತ್ರಿ ಓಡಿದ್ದರು. ಇವನು ಹದಿನೈದು ದಿನ ಮೊದಲೇ ತಿಳಿಸಿ, ಮುಂಗಡ ತೀರಿಸಿ, ಸಲಾಮ್ ಹೇಳಿ ಹೋದ" ಎಂದರು. ನಮ್ಮ ಇಡೀ ಭಾಷಣದಲ್ಲಿ ಈ ಮಾತಿಗಿಂತ ದೊಡ್ಡ ಪಾಠವಿಲ್ಲ. ಹಿಡಿದಿಟ್ಟವನು ಓಡುತ್ತಾನೆ, ಬಿಟ್ಟವನು ಹೇಳಿ ಹೋಗುತ್ತಾನೆ ಅಥವಾ ಉಳಿಯುತ್ತಾನೆ.

ಈ ಹಿಡಿದಿಡುವ ಮನೋಭಾವವು ವ್ಯಕ್ತಿಗಳಿಗೆ ಸೀಮಿತವಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದ ಕಂಗೆಟ್ಟ ವಲಸೆ ಕಾರ್ಮಿಕರು ಊರಿಗೆ ಹೋಗಲು ಹಾತೊರೆಯುತ್ತಿದ್ದಾಗ, ಅಂದಿನ ಕರ್ನಾಟಕ ಸರಕಾರವು ಕಟ್ಟಡ ನಿರ್ಮಾಣಗಾರರೊಂದಿಗೆ ಸಭೆ ನಡೆಸಿದ ಬೆನ್ನಿಗೇ ಶ್ರಮಿಕ ರೈಲುಗಳನ್ನು ರದ್ದುಪಡಿಸುವಂತೆ ರೈಲ್ವೆಗೆ ಪತ್ರ ಬರೆಯಿತು. ದೇಶಾದ್ಯಂತ ಟೀಕೆ ವ್ಯಕ್ತವಾದಾಗ ಒಂದೆರಡು ದಿನಗಳಲ್ಲೇ ನಿರ್ಧಾರ ಬದಲಿಸಿತು. ಎಕ್ಸಿಟ್ ಪರ್ಮಿಟ್ ಎಂಬುದು ಅರಬ್ ದೇಶಗಳ ದೋಷವೆಂದು ನಾವು ತಿಳಿದಿದ್ದೆವು. ಕಾರ್ಮಿಕನನ್ನು ಸಾಮಗ್ರಿಯೆಂದು ಕಾಣುವ ಕಣ್ಣು ಎಲ್ಲಿದ್ದರೂ ಅದು ಹುಟ್ಟಿಕೊಳ್ಳುತ್ತದೆ.

ಅದೇ ವರ್ಷದ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದುದನ್ನೂ ಮರೆಯಬಾರದು. ತೈವಾನ್‌ನ ವಿಸ್ಟ್ರಾನ್ ಕಂಪೆನಿಯು ಅಲ್ಲಿ ಅಮೆರಿಕದ ಆಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. ಕಾರ್ಮಿಕರಲ್ಲಿ ಬಹುಪಾಲು ಮಂದಿ ಗುತ್ತಿಗೆದಾರರ ಮೂಲಕ ಸೇರಿದ ಯುವಜನರು. ಕಾರ್ಖಾನೆ ಅವಸರದಲ್ಲಿ ಬೆಳೆಯಿತು, ಸಂಬಳ ಸರಿಯಾಗಿ ಸಿಗಲಿಲ್ಲ, ದೂರಿಗೆ ಉತ್ತರಿಸುವವರಿರಲಿಲ್ಲ. ಅಸಮಾಧಾನವು ಕೊನೆಗೆ ಹಿಂಸೆಯಾಗಿ ಸಿಡಿಯಿತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆಪಲ್ ಆ ಕಂಪೆನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ತನ್ನ ಭಾರತದ ಹಿರಿಯ ಅಧಿಕಾರಿಯನ್ನು ತೆಗೆದುಹಾಕಿ, ಕೆಲವರಿಗೆ ಸರಿಯಾಗಿ ವೇತನ ಸಂದಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಅಮೆರಿಕದ ಗಿರಾಕಿ, ತೈವಾನಿನ ಮಾಲಕ, ಕನ್ನಡದ ಕಾರ್ಮಿಕ. ಇವರ ಮಧ್ಯೆ ಸಂಸ್ಕೃತಿಯ ಅಂತರವಿತ್ತು ನಿಜ. ಆದರೆ ಬೆಂಕಿ ಹತ್ತಿದ್ದು ಸಂಬಳದ ಚೀಟಿಯಿಂದ. ಸಂಬಳವನ್ನು ಗುತ್ತಿಗೆದಾರನ ಕೈಗೊಪ್ಪಿಸಿದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಭಾಷಣ ಅಪೂರ್ಣ. ನಮ್ಮ ಅನೇಕ ಪಟ್ಟಣಗಳ ಮಸೀದಿಗಳಲ್ಲಿ ಇಮಾಮರು, ಮುಅದ್ದಿನ್‌ಗಳು ಬಿಹಾರ, ಉತ್ತರ ಪ್ರದೇಶಗಳಿಂದ ಬಂದವರು. ನಮ್ಮ ಕೆಲವು ಸಹಪಾಠಿಗಳೂ ಅವರಲ್ಲಿದ್ದಾರೆ. ಎಷ್ಟು ಜಮಾಅತ್‌ಗಳಲ್ಲಿ ಅವರಿಗೆ ಲಿಖಿತ ನೇಮಕಾತಿ ಪತ್ರವಿದೆ? ಎಷ್ಟು ಕಡೆ ವಾರದ ರಜೆಯಿದೆ? ಅಮೃತಶಿಲೆಯ ನೆಲಕ್ಕೆ, ಹವಾನಿಯಂತ್ರಣ ಯಂತ್ರಕ್ಕೆ ಲಕ್ಷಗಟ್ಟಲೆ ಚಂದಾ ಕೂಡಿಸುವ ನಾವು, ಮಿಹ್ರಾಬಿನಲ್ಲಿ ನಿಲ್ಲುವವರ ಸಂಬಳದ ಮಾತು ಬಂದಾಗ 'ದೀನಿನ ಸೇವೆ' ಎನ್ನುತ್ತೇವೆ. ಸಮಿತಿಯ ಒಬ್ಬ ಸದಸ್ಯನ ಮುನಿಸಿಗೆ ಒಂದೇ ದಿನದಲ್ಲಿ ಇಮಾಮರನ್ನು ಕಳುಹಿಸಿದ ಪ್ರಸಂಗಗಳು ನಿಮಗೂ ಗೊತ್ತು. ಸಂಸಾರವನ್ನು ಸಾವಿರಾರು ಕಿಲೋಮೀಟರ್ ದೂರದಲ್ಲಿ ಬಿಟ್ಟು ಬಂದ ಆ ವಿದ್ವಾಂಸರೂ ಗಲ್ಫ್‌ನಲ್ಲಿರುವ ನಿಮ್ಮ ಮಗನೂ ಒಂದೇ ಸ್ಥಿತಿಯಲ್ಲಿದ್ದಾರೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸಿದ್ಧಾಂತ ಬೇಡ, ಐದು ಕೆಲಸಗಳು ಸಾಕು.

ಒಂದನೆಯದಾಗಿ, ಕೆಲಸದ ಷರತ್ತುಗಳನ್ನು ಬರೆದುಕೊಡಿರಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ವಿವರವಾಗಿ ಆದೇಶಿಸಿದೆ, ಕರಾರುಗಳನ್ನು ಪಾಲಿಸಬೇಕೆಂದೂ ಹೇಳಿದೆ. ಬೇರೆ ಭಾಷೆಯವನಾಗಿದ್ದರೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಕೂಲಿ ಎಷ್ಟು, ಯಾವ ದಿನ, ಎಷ್ಟು ಗಂಟೆ, ಎಷ್ಟು ರಜೆ. ಒಂದು ಹಾಳೆ ಸಾಕು.

ಎರಡನೆಯದಾಗಿ, ಅವನ ಕಾಗದಪತ್ರ ಅವನ ಜೇಬಿನಲ್ಲಿರಲಿ. ನಿಮಗೆ ಬೇಕಾದರೆ ನಕಲು ಇಟ್ಟುಕೊಳ್ಳಿರಿ.

ಮೂರನೆಯದಾಗಿ, ಸಂಬಳದ ದಿನಾಂಕವನ್ನು ನಮಾಝಿನ ಹೊತ್ತಿನಂತೆ ಕಾಣಿರಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದವರು, ಅದರ ಕೆಳಗೆ ನಿಂತವನಿಗೆ 'ನಾಳೆ ಬಾ' ಎನ್ನಬಾರದು.

ನಾಲ್ಕನೆಯದಾಗಿ, ಅವನ ಹಬ್ಬ, ಊಟ, ಭಾಷೆಗಳನ್ನು ತಿಳಿದುಕೊಳ್ಳಿರಿ. ಬಿಹಾರದವನಿಗೆ ಛಠ್, ಅಸ್ಸಾಮಿನವನಿಗೆ ಬಿಹು, ಬಂಗಾಳದವನಿಗೆ ದುರ್ಗಾಪೂಜೆ, ನಮಗೆ ಈದ್ ಹೇಗೋ ಹಾಗೆಯೇ. ಕೆಲಸಗಾರ ಬೇರೆ ಧರ್ಮದವನೆಂಬ ಕಾರಣಕ್ಕೆ ಅವನ ಹಕ್ಕು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಕುರ್‌ಆನ್ ಆದೇಶಿಸಿದೆ. ನಮ್ಮ ವಿರುದ್ಧ ಹಬ್ಬಿಸಲಾಗುವ ತಪ್ಪುಕಲ್ಪನೆಗಳಿಗೆ ನೂರು ಭಾಷಣಗಳಿಗಿಂತ ನಮ್ಮ ಅಂಗಡಿಯಲ್ಲಿ ದುಡಿದು ಊರಿಗೆ ಹೋದ ಒಬ್ಬ ಕಾರ್ಮಿಕನ ಮಾತು ಹೆಚ್ಚು ಬಲವಾದ ಉತ್ತರ.

ಐದನೆಯದಾಗಿ, ಗದರಿಸಬೇಕಾದರೆ ಒಬ್ಬನೇ ಇರುವಾಗ ಹೇಳಿರಿ, ಅವನ ದೂರನ್ನು ಕುಳ್ಳಿರಿಸಿ ಕೇಳಿರಿ. ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಮ್ಮೆಯೂ ಛೀ ಎನಿಸಿಕೊಳ್ಳಲಿಲ್ಲ, ಇದನ್ನೇಕೆ ಮಾಡಿದೆ ಎಂದು ಕೇಳಿಸಿಕೊಳ್ಳಲಿಲ್ಲ ಎಂದು ಅವರೇ ಸಾಕ್ಷಿ ನುಡಿದಿದ್ದಾರೆ. ನಮ್ಮ ಅಂಗಡಿಯಲ್ಲಿ ಹತ್ತು ತಿಂಗಳು ದುಡಿದವನು ನಮ್ಮ ಬಗ್ಗೆ ಏನೆಂದು ಸಾಕ್ಷಿ ನುಡಿಯುವನು?

ಅಲ್ಲಾಹನು ನಮ್ಮನ್ನು ಜನಾಂಗಗಳಾಗಿಯೂ ಗೋತ್ರಗಳಾಗಿಯೂ ಮಾಡಿದ್ದು ಪರಸ್ಪರ ಅರಿಯುವುದಕ್ಕಾಗಿ ಎಂದು ಕುರ್‌ಆನ್ ತಿಳಿಸಿದೆ. ಅರಿಯುವುದೆಂದರೆ ಅವನ ದೇಶಕ್ಕೆ ಎಷ್ಟು ಅಂಕ ಸಿಕ್ಕಿದೆಯೆಂದು ನೋಡುವುದಲ್ಲ. ಅವನ ಹೆಸರನ್ನು ಸರಿಯಾಗಿ ಕರೆಯುವುದು, ಅವನ ಮನೆಯಲ್ಲಿ ಯಾರಿದ್ದಾರೆಂದು ಕೇಳುವುದು, ಅವನು ಮಾತನಾಡಿದರೆ ಕೆಲಸ ಹೋಗದೆಂಬ ಧೈರ್ಯ ಕೊಡುವುದು.

ಸಹೋದರಿಯರೇ, ಇಂದು ರಾತ್ರಿ ಗಲ್ಫ್‌ನಲ್ಲಿರುವ ಪತಿಯೊಂದಿಗೋ ಮಗನೊಂದಿಗೋ ಫೋನಿನಲ್ಲಿ ಮಾತನಾಡುವಾಗ, "ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿದೆಯೇ? ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ?" ಎಂದು ತಪ್ಪದೆ ಕೇಳಿರಿ. ಸಹೋದರರೇ, ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಬಾಗಿಲು ತೆರೆದು, ನಿಮ್ಮ ಗಲ್ಲಾಪೆಟ್ಟಿಗೆಯನ್ನೊಮ್ಮೆ ನೋಡಿಕೊಳ್ಳಿರಿ. ಅದರಲ್ಲಿ ನಿಮ್ಮದಲ್ಲದ್ದು ಏನಾದರೂ ಇದ್ದರೆ ನಾಳೆಗೆ ಕಾಯಬೇಡಿರಿ.

ಅಲ್ಲಾಹನು ನಮಗೆ ನ್ಯಾಯದಿಂದ ಕೊಡುವ ಮನಸ್ಸನ್ನೂ ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ನ್ಯಾಯವಂತ ಯಜಮಾನರನ್ನೂ ಅನುಗ್ರಹಿಸಲಿ. ಆಮೀನ್.